ಸುಡದೇ ಕೆಂಪಾದ ಕಾಡು

ಇವತ್ತು ಬೆಳಿಗ್ಗೆ ಈ ಅರಬ್ ನಗರದ ವಾದಿ ಕಬೀರ್ ಬಡಾವಣೆಯ ಬಡಗಿ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದಾಗ, ಆಗಷ್ಟೇ ಕೊಯ್ದ ಪೈನ್ ಹಲಗೆಯ ವಾಸನೆ ಬಂತು. ನಿಮಗಾದರೆ ಅದು ಬರೀ ಮರದ ವಾಸನೆ. ನನಗೆ ಹಸನಬ್ಬ ಕಾಕ ನೆನಪಾದರು.

ಆಗ ನಾನು ಇದೇ ನಗರದ ಅಲ್ ಅಜೈಬಾದ ಕಚೇರಿಯೊಂದಕ್ಕೆ ಹೊಸಬಳು. ಉಪಗ್ರಹದ ಚಿತ್ರ ನೋಡಿ, ದೂರದ ಉತ್ತರದ ಕಾಡುಗಳಲ್ಲಿ ಕಾಳ್ಗಿಚ್ಚಿಗೆ ಎಷ್ಟು ಮರ ಸತ್ತಿತೆಂದು ಅಳೆಯುವುದು ನನ್ನ ಕೆಲಸ. ಹಿಮವನ್ನು ಫ್ರಿಜ್ಜಿನಲ್ಲಲ್ಲದೆ ಬೇರೆಲ್ಲೂ ಕಂಡವಳಲ್ಲ, ಆದರೂ ಧೈರ್ಯಕ್ಕೇನೂ ಕಡಿಮೆಯಿರಲಿಲ್ಲ. ಬೆಂಕಿಗೆ ಮೊದಲಿನ ಚಿತ್ರವನ್ನೂ ನಂತರದ್ದನ್ನೂ ಹೋಲಿಸಿ, ಹಸಿರು ಹೋದಲ್ಲೆಲ್ಲ ಕೆಂಪು ಬಣ್ಣ ಹಾಕುತ್ತಿದ್ದೆ. ನಕ್ಷೆ ಕಳಿಸಿದ ಮೇಲೆ, ಕೆಂಪು ಬಿದ್ದ ಕಡೆಯ ಮರಗಳನ್ನು ಅಲ್ಲಿನ ಅರಣ್ಯದವರು ಸತ್ತವೆಂದು ಕಡಿಯುತ್ತಿದ್ದರು.

ಆ ದಿನ ಒಂದು ನಕ್ಷೆ ಮುಗಿಸಿ, ಸಾಹೇಬರಿಗೆ 'ಖಲಾಸ್' ಎಂದು ಹೇಳಿಯೂ ಆಗಿತ್ತು. ಕಪಾಟು ಕೂರಿಸಲು ಬಂದಿದ್ದ ಉಳ್ಳಾಲದ ಬಡಗಿ ಹಸನಬ್ಬ ಕಾಕ ಪರದೆಯ ಮುಂದೆ ನಿಂತರು.

"ಇದೆಂಥ ಮೇಡಂ, ಇಷ್ಟು ಕೆಂಪು?"

"ಸುಟ್ಟ ಕಾಡು, ಕಾಕ."

"ಯಾವ ತಿಂಗಳಿನ ಫೋಟೋ?"

"ಮೊದಲಿನದ್ದು ಜುಲೈ, ಮತ್ತಿನದ್ದು ಅಕ್ಟೋಬರ್. ಉಳಿದದ್ದರಲ್ಲೆಲ್ಲ ಮೋಡ ಉಂಟು."

ಕಾಕ ಪರದೆಯ ಹತ್ತಿರ ಬಗ್ಗಿದರು. "ಲಾರ್ಚ್ ಅಂತ ಒಂದು ಮರ ಬರ್ತದೆ, ಪೈನಿನ ಜಾತಿಯೇ. ಚಳಿಗೆ ಮುಂಚೆ ಅದು ಎಲೆ ಎಲ್ಲ ಉದುರಿಸ್ತದಂತೆ. ಹಲಗೆ ತರುವ ರಷ್ಯಾದವ ಹೇಳಿದ್ದ. ಅಲ್ಲಿ ಅದು ಉಂಟಾ ನೋಡಿ."

ಉಂಟು. ಹುಡುಕಿದರೆ ಅರ್ಧ ಕಾಡೇ ಅದು. ಎಲೆ ಉದುರಿ ನಿಂತ ಮರಗಳಿಗೆಲ್ಲ ನಾನು ಸಾವು ಬರೆದಿದ್ದೆ. ಸಾಹೇಬರ ಕೋಣೆಗೆ ಓಡಿ, "ಕಳಿಸಬೇಡಿ ಸರ್, ನನ್ನದು ತಪ್ಪಾಗಿದೆ. ಎರಡು ದಿನ ಬೇಕು" ಎಂದೆ. ಅವರ ಮುಖ ಹೇಗಿತ್ತೆಂದು ಇಲ್ಲಿ ಬರೆಯುವುದಿಲ್ಲ. ಬೆಂಕಿಯ ಮರುವರ್ಷದ, ಆಗಲೇ ಬಂದಿದ್ದ ಜುಲೈ ಚಿತ್ರಗಳಿಂದ ಮೋಡವಿಲ್ಲದ ತುಂಡುಗಳನ್ನು ಆರಿಸಿ, ಒಂದಕ್ಕೊಂದು ಜೋಡಿಸಿ ಮತ್ತೆ ಹೋಲಿಸಿದೆ. ಕೆಂಪು ಅರ್ಧಕ್ಕಿಳಿಯಿತು.

"ನಿಮ್ಮಿಂದ ಅಷ್ಟು ಮರ ಉಳಿಯಿತು ಕಾಕ" ಎಂದರೆ, ಅವರು ಸ್ಕ್ರೂ ತಿರುಗಿಸುತ್ತಲೇ, "ನಾನು ಮರ ಕೊಯ್ದೇ ಊಟ ಮಾಡುವವ ಮೇಡಂ. ಆದ್ರೆ ಬದುಕಿದ್ದನ್ನು ಸತ್ತಿದೆ ಅಂತ ಬರೀಬಾರ್ದು" ಎಂದರು.

ಬಡಗಿ ಅಂಗಡಿಯಲ್ಲಿ ವಿಚಾರಿಸಿದೆ. ಕಾಕ ಈಗ ಊರಾಚೆಯ ಅಲ್ ಅಮೇರಾತಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾರಂತೆ. ನಂಬರು ತೆಗೆದುಕೊಂಡು ಅಲ್ಲಿಂದಲೇ ಫೋನ್ ಮಾಡಿದೆ. ಗುರುತು ಹಿಡಿದರು. ಕ್ಷೇಮ ಸಮಾಚಾರವೆಲ್ಲ ಆದಮೇಲೆ, "ಆ ಕಾಡು ಈಗ ಹೇಗುಂಟು ಮೇಡಂ?" ಎಂದರು.

"ನೋಡಿ ಹೇಳ್ತೇನೆ ಕಾಕ" ಎಂದೆ. ಇಷ್ಟು ವರ್ಷ ಎಷ್ಟೋ ಕಾಡುಗಳನ್ನು ಅಳೆದು ಕಳಿಸಿದ್ದೇನೆ; ಒಂದನ್ನೂ ತಿರುಗಿ ನೋಡಿದವಳಲ್ಲ. ಕಚೇರಿಗೆ ಬಂದವಳೇ ಈ ಬೇಸಿಗೆಯ ಚಿತ್ರ ತೆರೆದೆ. ಲಾರ್ಚ್ ಮರಗಳು ದಟ್ಟ ಹಸಿರಾಗಿ ನಿಂತಿವೆ. ನಿಜವಾಗಿ ಸುಟ್ಟ ಕಡೆಯೂ ತಿಳಿಹಸಿರು ಕಾಣುತ್ತಿದೆ. ಅದು ಹುಲ್ಲೋ ಸಸಿಯೋ, ಇಷ್ಟು ಎತ್ತರದಿಂದ ತಿಳಿಯದು. ಅಲ್ಲಿನ ಅರಣ್ಯದವರಿಗೆ ಪತ್ರ ಬರೆದು, ನಡೆದು ಹೋಗಿ ನೋಡಿ ಬರುತ್ತೀರಾ ಎಂದು ಕೇಳಿದ್ದೇನೆ.