ಹತ್ತಿಯ ಅಂಡಿಗೆಯಾಗಿ ಕಚೇರಿ ಹೊಕ್ಕಿದ್ದು

ನೆಲದಿಂದ ಎರಡಾಳು ಎತ್ತರದಲ್ಲಿ, ಹಗ್ಗದ ಬಲೆಯೊಳಗೆ ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ನಾನು ಗಿರಗಿರ ತಿರುಗುತ್ತಿದ್ದೆ. ಎದೆಗೆ ಅವುಚಿಕೊಂಡಿದ್ದು ಮಾಸ್ತರಿಕೆಯ ಹುಕುಂ. ಸಂಜೆಯೊಳಗೆ ಅದಕ್ಕೆ ಸಾಹೇಬರ ಸಹಿ ಬೀಳದಿದ್ದರೆ ನೌಕರಿ ಹೋದಂತೆಯೇ. ನಮ್ಮ ಮನೆತನದಲ್ಲಿ ಕೂಲಿ ಬಿಟ್ಟು ಬೇರೆ ಕೆಲಸ ಕಂಡವರಿರಲಿಲ್ಲ.

ನಿಜಾಮರ ಕಾಲದ ರಾಯಚೂರು. ಹತ್ತಿಯ ಗೋದಾಮೊಂದನ್ನು ಆಗಷ್ಟೇ ಕಚೇರಿ ಮಾಡಿದ್ದರು. ಸಾಹೇಬರು ಕೂರುತ್ತಿದ್ದುದು ಅಟ್ಟದ ಮೇಲೆ. ಹತ್ತಿಯ ಅಂಡಿಗೆಗಳನ್ನು, ಅಂದರೆ ದೊಡ್ಡ ಮೂಟೆಗಳನ್ನು, ರಾಟೆಯಿಂದ ಎಳೆದುಕೊಳ್ಳುತ್ತಿದ್ದ ಬಾಗಿಲು ಬಿಟ್ಟರೆ ಅಲ್ಲಿಗೆ ಬೇರೆ ದಾರಿಯೇ ಇರಲಿಲ್ಲ.

"ಮೆಟ್ಲಿಗಿ ಮಂಜೂರಿ ಆಗ್ಯಾದರೀ ಮಾಸ್ತರ," ಎಂದು ಹಗ್ಗ ಎಳೆಯುತ್ತಿದ್ದ ಮುದಿ ಹಮಾಲ ಕೆಳಗಿನಿಂದ ಸಮಾಧಾನ ಹೇಳಿದ. "ಆ ಕಾಗದ ಮ್ಯಾಲ ಸಾಹೇಬರ ಹತ್ರ ಅದ. ಅದನ್ನ ತಂದು ಮೆಟ್ಲ ಕಟ್ಟಬೇಕಾದ ಗೌಂಡಿ ಈ ಬಲಿಯಾಗ ಕುಂಡ್ರಾಕ ಅಂಜಾಕತ್ಯಾನ!"

ನನ್ನನ್ನು ಎತ್ತುವ ಮೊದಲು ಆತ ಮಸಿಯಲ್ಲಿ ಕುಂಚ ಅದ್ದಿ ನನ್ನ ಬೆನ್ನ ಮೇಲೆ ದೊಡ್ಡದೊಂದು ಗುರುತು ಬರೆದಿದ್ದ. ಗುರುತು ಹಾಕದ ಮಾಲನ್ನು ಆತ ಜನ್ಮದಲ್ಲಿ ಮೇಲೆ ಕಳಿಸಿದವನಲ್ಲ. ಅಟ್ಟ ಮುಟ್ಟಿದಾಗ ಸಾಹೇಬರೂ ನನ್ನ ಕಾಗದ ಓದದೆ, "ತಿರುಗು" ಎಂದರು. ಬೆನ್ನು ನೋಡಿದರು, ಸಹಿ ಹಾಕಿದರು. ಅವರು ಕಪಾಟಿನ ಕಡೆ ಹೊರಳಿದಾಗ ಕಂಡೆ: ಅವರ ಶೇರ್ವಾನಿಯ ಬೆನ್ನಿಗೂ ಅದೇ ಗುರುತು.

ಮನೆಯಲ್ಲಿ ಅವ್ವ ನನ್ನ ಅಂಗಿಯನ್ನು ಸೋಡಾ ಹಾಕಿ ಕುದಿಸಿದರೂ ಆ ಗುರುತು ಹೋಗಲಿಲ್ಲ. ಇದ್ದದ್ದೊಂದೇ ಅಂಗಿ. ಮೊದಲ ದಿನ ಮಲ್ಲಟದ ಶಾಲೆಯಲ್ಲಿ ಕರಿಹಲಗೆಯ ಮೇಲೆ 'ಅ' ಬರೆದು ತಿರುಗಿ ನೋಡಿದೆ. ಮಕ್ಕಳೆಲ್ಲ ಪಾಟಿಯ ಮೇಲೆ ನನ್ನ ಬೆನ್ನಿನ ಗುರುತನ್ನೇ ತಿದ್ದುತ್ತಿದ್ದರು.