ಮಾವನ ವಿಮಾನದ ರಿವೆಟ್‌ಗಳು

ಮಾವ ಇಚಲಕರಂಜಿಯ ಒಂದು ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಅದೇ ಶೆಡ್ಡಿನಲ್ಲಿ ಅಲ್ಯೂಮಿನಿಯಂ ತಗಡಿನಿಂದ ಒಬ್ಬರು ಕೂರುವಷ್ಟು ದೊಡ್ಡ ವಿಮಾನ ಕಟ್ಟಿದರು. ತಗಡು ಜೋಡಿಸಲು ಅದೇ ಲೋಹದ ರಿವೆಟ್ ಎಲ್ಲೂ ಸಿಗಲಿಲ್ಲ. ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಿದ್ದ ನಾನು, ಅಲ್ಲಿನ ತಾಮ್ರದ ಪಾತ್ರೆ ಮಾಡುವ ತಾಂಬಟರು ಹಂಡೆಗೆ ಬಡಿಯುವ ತಾಮ್ರದ ರಿವೆಟ್ ತಂದುಕೊಟ್ಟೆ.

"ಇವು ನಡೀತಾವೇನು? ನೀ ಸೈನ್ಸ್ ಕಲ್ಯಾಂವ."

"ನಡೀತಾವ್ರಿ ಮಾಮಾ," ಎಂದೆ. ನನಗೆ ಗೊತ್ತಿರಲಿಲ್ಲ.

ಮಳೆಗಾಲದಲ್ಲಿ ಕಾಲೇಜಿನ ಪ್ರಯೋಗಾಲಯದಲ್ಲಿ ಗೊತ್ತಾಯಿತು: ತಾಮ್ರಕ್ಕೆ ತಾಗಿ ಒದ್ದೆಯಾದ ಅಲ್ಯೂಮಿನಿಯಂ ಸವೆಯುತ್ತದೆ. ಆ ರವಿವಾರ ಶೆಡ್ಡಿಗೆ ಹೋದೆ. ಹಂಚು ಸೋರಿ ರೆಕ್ಕೆ ತೊಯ್ದಿತ್ತು. ರಿವೆಟ್‌ಗಳ ಸುತ್ತ ವಿಭೂತಿಯಂಥ ಬಿಳಿ ಪುಡಿ. ಮಾವ ಅರಿವೆಯಿಂದ ಒರೆಸುತ್ತ, "ವಿಮಾನಾನೂ ಈಬತ್ತಿ ಹಚ್ಕೊಂಡೈತಿ ನೋಡು!" ಎಂದು ನಕ್ಕರು. ನಾನೂ ನಕ್ಕೆ. ಹೇಳಿದ್ದರೆ ವರ್ಷದ ಕೆಲಸ ಬಿಚ್ಚಬೇಕಿತ್ತು. ಅದಕ್ಕಿಂತ, ಗೊತ್ತಿಲ್ಲದೆ ಹೂಂ ಎಂದಿದ್ದೆನೆಂದು ಒಪ್ಪಿಕೊಳ್ಳಬೇಕಿತ್ತು.

ಸುಗ್ಗಿ ಮುಗಿದ ಮೇಲೆ ವಿಮಾನವನ್ನು ಬರಿಹೊಲಕ್ಕೆ ಎಳೆದೊಯ್ದೆವು. ಆ ದಿನ ಮಾವ ಒಳಗೆ ಕೂತು, ಎಂಜಿನ್ ಹಚ್ಚಿ, ನೆಲದ ಮೇಲೆ ಓಡಿಸಿ ನೋಡುವುದಷ್ಟೇ ಇತ್ತು. ಅತ್ತೆ ಆರತಿ ಬೆಳಗಿ, ವಿಮಾನ ಚೆನ್ನಾಗಿ ಕಾಣಲೆಂದು ಮುಂದೆ ಹೋಗಿ ಬದುವಿನ ಮೇಲೆ ನಿಂತರು. ವಿಮಾನ ಅವರ ಸಮೀಪ ಬರುವಷ್ಟರಲ್ಲಿ ಎಡರೆಕ್ಕೆ ಬುಡದಲ್ಲಿ ಹರಿಯಿತು. ಒಂದು ತಗಡು ಕಿತ್ತುಬಂದು ಅತ್ತೆಯ ತಲೆಯ ಮೇಲಿಂದ ಹಾದುಹೋಯಿತು. ಗಾಳಿಗೆ ಹಾರುತ್ತಿದ್ದ ಸೆರಗು ಸೀಳಿತ್ತು. ಆ ತಗಡಿನ ಅಂಚಿಗೂ ಅತ್ತೆಯ ತಲೆಗೂ ನಡುವಿನ ಅಂತರವನ್ನು ಮನಸ್ಸಿನಲ್ಲೇ ಈಗಲೂ ಅಳೆಯುತ್ತಿರುತ್ತೇನೆ: ಒಮ್ಮೆ ಗೇಣು ದೂರ ಎನಿಸುತ್ತದೆ, ಒಮ್ಮೆ ನಾಲ್ಕು ಬೆರಳು.

ಮಗುಚಿದ ವಿಮಾನದಿಂದ ಮಾವ ಹಣೆಯ ರಕ್ತ ಒರೆಸಿಕೊಳ್ಳುತ್ತ ಹೊರಬಂದರು.

"ರೆಕ್ಕಿ ಅಷ್ಟ ಹಾರತು, ನೀವು ಇಲ್ಲೇ ಉಳದ್ರಿ!" ಎಂದು ಹೊಲದವನು ಕೂಗಿದ. ಜನ ನಕ್ಕರು. ಅತ್ತೆ ಮಾತ್ರ ಸೀಳಿದ ಸೆರಗನ್ನು ಹಿಡಿದು ಬದುವಿನ ಮೇಲೆಯೇ ಕೂತುಬಿಟ್ಟರು.

ಮಾವ ನನ್ನತ್ತ ತಿರುಗಿದರು. "ಎಲ್ಲಿ ತಪ್ಪಾತಪಾ? ನೀನ ಹೇಳು."

"ಹೊಲದಾಗ ತಗ್ಗಿತ್ರಿ."

ಮರುದಿನ ಮಾವ ತಲೆಗೆ ಪಟ್ಟಿ ಕಟ್ಟಿಕೊಂಡೇ ಗುದ್ದಲಿ ಹಿಡಿದು ಹೊಲ ಸಮ ಮಾಡತೊಡಗಿದರು. ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತೆ. ಅಲ್ಲೇ ಅವರು, "ಮುಂದಿನ ಸಲ ಬರೂಮುಂದ ಅಂಥಾವ ರಿವೆಟ್ ತಗೊಂಡ ಬಾ. ಭಾಳ ಗಟ್ಟಿ ಅದಾವು," ಎಂದರು.

ಆಗಲೂ ಹೇಳಲಿಲ್ಲ. ಪ್ರತಿ ಸಲ ಬರಿಗೈಯಲ್ಲಿ ಬಂದು, "ಯುದ್ಧದಾಗ ತಾಮ್ರ ಸಿಗವಲ್ದ್ರಿ," ಎಂದೆ. ತಾಂಬಟರ ಅಂಗಡಿಗಳ ಮುಂದೆಯೇ ನಡೆದು ಬಂದಿರುತ್ತಿದ್ದೆ. ವಿಮಾನ ಮತ್ತೆ ಏಳಲಿಲ್ಲ. ಮಾವ ಕೊನೆಯವರೆಗೂ ಯುದ್ಧವನ್ನು ಬೈಯುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.