ಅಂಟಮ್ಮ ಡಿಸ್ಕ್ ಬಿಟ್ಟ ಭಾನುವಾರ

ನನ್ನ ಅತ್ತಿಗೆಗೆ ಮೈದಾನದಲ್ಲಿ ಅಂಟಮ್ಮ ಎಂದೇ ಹೆಸರು. ಹೆಸರಿಟ್ಟವರು ಎದುರು ತಂಡದ ಪೋಸ್ಟ್‌ಮ್ಯಾನ್. ಡಿಸ್ಕ್ ಅತ್ತಿಗೆಯ ಕೈಗೆ ಅಂಟಿಕೊಂಡಿರುತ್ತದೆ, ಬಿಡಬೇಕಾದ ಹೊತ್ತಿಗೆ ಬಿಡುವುದಿಲ್ಲ ಎಂದು ಅವರು ಹೇಳುತ್ತಿದ್ದುದು ಸುಳ್ಳೂ ಅಲ್ಲ. ಅತ್ತಿಗೆ ತೋಳು ಬೀಸುವುದು ನೋಡಲು ಚೆಂದ. ಆದರೆ ಬೆರಳು ಒಂದು ಗಳಿಗೆ ತಡವಾಗಿ ಬಿಚ್ಚಿಕೊಂಡು, ಡಿಸ್ಕ್ ಬುಟ್ಟಿಯ ಕಡೆಗೆ ಹೋಗದೆ ಬಲಕ್ಕೆ ಓಡಿ ಪೊದೆ ಸೇರುತ್ತಿತ್ತು.

ಕೆರೆಯ ಪಕ್ಕದ ಬಯಲಿನಲ್ಲಿ ಅಲ್ಲಲ್ಲಿ ಕಂಬ ನೆಟ್ಟಿದ್ದಾರೆ. ಕಂಬಕ್ಕೊಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ದೂರದಿಂದ ಪ್ಲಾಸ್ಟಿಕ್ ತಟ್ಟೆಯಂಥ ಡಿಸ್ಕ್ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವರು ಗೆದ್ದರು. ಡಿಸ್ಕ್ ಗಾಲ್ಫ್ ಎಂದರೆ ಇಷ್ಟೇ. ನಾನು ಆಡುವವಳಲ್ಲ. ನೀರಿನ ಬಾಟಲಿ ಹೊತ್ತು ಜೊತೆಗೆ ನಡೆಯುವವಳು.

ಆ ಬಯಲಿಗೆ ತಂಡಗಳು ಎರಡು, ಭಾನುವಾರ ಒಂದೇ. ಅದಕ್ಕೆ ವರ್ಷಕ್ಕೊಮ್ಮೆ ಎರಡೂ ಕಡೆಯಿಂದ ಒಂದೊಂದು ಜೋಡಿ ಆಡುತ್ತದೆ, ಜೋಡಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಎಸೆಯಬೇಕು. ಗೆದ್ದವರಿಗೆ ವರ್ಷವಿಡೀ ಭಾನುವಾರದ ಬೆಳಗು, ಸೋತವರಿಗೆ ಸಂಜೆ. ಸಮವಾದರೆ ಹಿಂದಿನ ವರ್ಷ ಸಂಜೆ ಆಡಿದವರಿಗೇ ಬೆಳಗು ಸಿಗಬೇಕು. ಉಳಿದವರಿಗೆ ಬೆಳಗಾದರೇನು, ಸಂಜೆಯಾದರೇನು? ಅತ್ತಿಗೆಗೆ ಹಾಗಲ್ಲ. ಅವರು ದುಡಿಯುವ ಕನ್ನಡಿ ಅಂಗಡಿ ಭಾನುವಾರ ಮಧ್ಯಾಹ್ನ ಬಾಗಿಲು ತೆರೆದರೆ ಮುಚ್ಚುವುದು ಕತ್ತಲಾದ ಮೇಲೆ. ಬೆಳಗು ಕೈತಪ್ಪಿದರೆ ಅವರಿಗೆ ಆಟವೇ ಇಲ್ಲ. ವಾರವೆಲ್ಲ ಗಾಜು ಕೊಯ್ದು, ಅಂಚು ಉಜ್ಜಿ, ಚೌಕಟ್ಟು ಕೂರಿಸುವ ಹೆಂಗಸಿಗೆ ತನ್ನದು ಅಂತ ಇದ್ದದ್ದು ಅದೊಂದೇ.

ಈ ಸಲ ನಮ್ಮ ಕಡೆಯಿಂದ ಆಡಿದ್ದು ಅಣ್ಣ ಮತ್ತು ಅತ್ತಿಗೆ. ಅಣ್ಣ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎದುರಿಗೆ ಪೋಸ್ಟ್‌ಮ್ಯಾನ್ ಮತ್ತು ಹಲ್ಲಿನ ಡಾಕ್ಟರಮ್ಮ. ಅವತ್ತು ಬೆಳಗ್ಗೆ ಎದ್ದಾಗಲೇ ಗಾಳಿ ಕಿಟಕಿ ಬಡಿಯುತ್ತಿತ್ತು. ಬಯಲಿಗೆ ಬಂದರೆ ನಿಂತ ಸೈಕಲ್ಲುಗಳೆಲ್ಲ ಮಲಗಿದ್ದವು.

“ಅಂಟಮ್ಮ, ಇವತ್ತು ಗಾಳಿನೇ ಕಿತ್ಕೊಂಡು ಹೋಗುತ್ತೆ, ನೀವು ಕಷ್ಟಪಟ್ಟು ಬಿಡೋದೇ ಬೇಡ” ಎಂದರು ಪೋಸ್ಟ್‌ಮ್ಯಾನ್.

“ಓಹೋ, ನಮ್ಮನೆ ಕಾಗದಗಳೂ ಹಿಂಗೇ ಹಾರಿ ಹೋಗ್ತಾ ಇದ್ವಾ? ಒಂದೂ ಬರಲ್ವಲ್ಲ ಅಂತಿದ್ದೆ” ಎಂದರು ಅತ್ತಿಗೆ.

ಗಾಳಿಯಲ್ಲಿ ಯಾರ ಲೆಕ್ಕವೂ ನಡೆಯಲಿಲ್ಲ. ಎದುರುಗಾಳಿಗೆ ಡಿಸ್ಕಿನ ಮೂತಿ, ಅಂದರೆ ಮುಂದಿನ ಅಂಚು, ಕೊಂಚ ಮೇಲೆದ್ದರೂ ಸಾಕು, ಅದು ಗಾಳಿಪಟದ ಹಾಗೆ ಏರಿ, ಅಲ್ಲೇ ನಿಂತು, ಎಸೆದವರ ಕಡೆಗೇ ಮರಳುತ್ತಿತ್ತು. ಸಿಟ್ಟಿಗೆದ್ದು ಜೋರಾಗಿ ಎಸೆದರೆ ಇನ್ನೂ ಕೆಟ್ಟದ್ದು, ಮಗುಚಿ ಎತ್ತಲೋ ಹೋಗುತ್ತಿತ್ತು. ಡಾಕ್ಟರಮ್ಮನ ಒಂದು ಡಿಸ್ಕ್ ನೆಲಕ್ಕೆ ಬಿದ್ದ ಮೇಲೂ ಅಂಚಿನ ಮೇಲೆ ಎದ್ದು ನಿಂತು, ಚಕ್ರದಂತೆ ಉರುಳುತ್ತಾ ನೆಟ್ಟಗೆ ಕೆರೆಗಿಳಿಯಿತು. ಎರಡೂ ಕಡೆಯವರು ಅದರ ಹಿಂದೆ ಓಡಿ, ನಕ್ಕು ಸುಸ್ತಾದರು.

ಅತ್ತಿಗೆಯ ಡಿಸ್ಕಿನ ಮೂತಿ ಮಾತ್ರ ಒಮ್ಮೆಯೂ ಮೇಲೇಳಲಿಲ್ಲ. ಗಾಜಿನ ಹಾಳೆ ಹಿಡಿದು ರಸ್ತೆ ದಾಟುವವರು ಅದರ ಮೈಯನ್ನು ಗಾಳಿಗೆ ಕೊಡುವುದಿಲ್ಲ, ಅಂಚನ್ನು ಕೊಡುತ್ತಾರೆ. ಅದು ಅವರ ಕೈಗೆ ಬಂದ ಅಭ್ಯಾಸ. ಆದರೆ ತಡವಾಗಿ ಬಿಡುವ ರೋಗ ಹಾಗೇ ಇತ್ತು. ಅಣ್ಣ ಉಳಿಸಿಕೊಂಡು ಬಂದದ್ದನ್ನು ಅತ್ತಿಗೆ ಪೊದೆಗೆ ಕೊಡುತ್ತಾ ಹೋದರು. ಹೀಗೆ ಕೊನೆಯ ಬುಟ್ಟಿಗೆ ಬರುವಾಗ ಎರಡೂ ಜೋಡಿ ಸಮಸಮ.

ನಾನು ಪ್ರತಿ ಸಲವೂ ಒಂದು ವಿಷಯ ಗಮನಿಸುತ್ತಿದ್ದೆ. ಎಸೆಯುವ ಮುಂಚೆ ಅತ್ತಿಗೆ ಬುಟ್ಟಿಯನ್ನು ನೋಡುವುದು, ಅಲ್ಲಿ ಯಾರೋ ಮಾತಾಡಲಿ ಎಂದು ಕಾಯುವವರಂತೆ. ಈಗ ಕೊನೆಯ ಬುಟ್ಟಿಯ ಹತ್ತಿರ, ಅವರು ಎಂದೋ ಪಾತ್ರೆ ತೊಳೆಯುತ್ತಾ ಹೇಳಿದ್ದು ನೆನಪಾಯಿತು. ಅಂಗಡಿಗೆ ಸೇರಿದ ಹೊಸದರಲ್ಲಿ ಆಳೆತ್ತರದ ಕನ್ನಡಿಯೊಂದನ್ನು ಆ ಕಡೆಯವರು ಹಿಡಿಯುವ ಮೊದಲೇ ಬಿಟ್ಟುಬಿಟ್ಟಿದ್ದರಂತೆ. ಅಂದಿನಿಂದ ಅಲ್ಲಿ ಒಂದು ಕಟ್ಟಳೆ. ಎದುರಿನವರು ಬಾಯಿಬಿಟ್ಟು ‘ಹಿಡ್ಕೊಂಡೆ’ ಅನ್ನುವವರೆಗೆ ಗಾಜು ಬಿಡುವಂತಿಲ್ಲ. ಅಣ್ಣ ಅತ್ತಿಗೆಯ ಜೊತೆ ಆಡಿದ ಮೊದಲ ಮಾತೂ ಅದೇ. ಕನ್ನಡಿ ಕೊಳ್ಳಲು ಹೋದವನು ಒಂದು ತುದಿ ಹಿಡಿದು, “ಹಿಡ್ಕೊಂಡೆ, ಬಿಡಿ” ಎಂದಿದ್ದನಂತೆ.

ಅಣ್ಣನ ಪಕ್ಕಕ್ಕೆ ಹೋಗಿ ಮೆಲ್ಲಗೆ ಇಷ್ಟು ಹೇಳಿದೆ. ಅವನು ನನ್ನ ಮುಖ ನೋಡಿದ, ಆಮೇಲೆ ಬುಟ್ಟಿಯ ಕಡೆ ನೋಡಿದ.

ಎದುರಿನವರು ಕೊನೆಯ ಬುಟ್ಟಿಗೆ ಐದು ಎಸೆತ ತೆಗೆದುಕೊಂಡರು. ನಮ್ಮದು ಮೂರು ಆಗಿತ್ತು, ನಾಲ್ಕನೆಯದು ಅತ್ತಿಗೆಯ ಸರದಿ. ಬುಟ್ಟಿ ಹತ್ತು ಹೆಜ್ಜೆ ಆಚೆ, ಗಾಳಿ ಮುಖಕ್ಕೇ. ಬಿದ್ದರೆ ಬೆಳಗು ನಮ್ಮದು. ತಪ್ಪಿದರೆ ಮುಂದಿನದು ಬಿದ್ದರೂ ಸಮ; ಹೋದ ವರ್ಷ ಬೆಳಗು ಆಡಿದವರು ನಾವು, ಅಂದರೆ ಈ ಸಲ ಸಂಜೆ. ಅತ್ತಿಗೆ ಡಿಸ್ಕನ್ನು ಸೆರಗಿನಿಂದ ಒರೆಸಿದರು, ಮತ್ತೂ ಒರೆಸಿದರು. ನಾನು ಮನಸ್ಸಿನಲ್ಲೇ ಕೈಮುಗಿದೆ. ಗಾಳಿ ನಿಲ್ಲಿಸು ಎಂದು ಕೇಳಲಿಲ್ಲ, ಅದು ಎಲ್ಲರಿಗೂ ಬೀಸುತ್ತಿರುವ ಗಾಳಿ. ಆ ಬೆರಳುಗಳ ಭಯ ಬಿಡಿಸಪ್ಪಾ ಎಂದು ಕೇಳಿದೆ.

ಅಷ್ಟರಲ್ಲಿ ಅಣ್ಣ ನಡೆದುಹೋಗಿ ಬುಟ್ಟಿಯ ಹಿಂದೆ ನಿಂತ. ಇದೇನು ಹೊಸ ವೇಷ ಎಂದು ಪೋಸ್ಟ್‌ಮ್ಯಾನ್ ನಕ್ಕರು. ಜೋಡಿಯವರು ಎಲ್ಲಿ ಬೇಕಾದರೂ ನಿಲ್ಲಬಹುದು, ಸುಮ್ಮನಿರಿ ಎಂದು ಡಾಕ್ಟರಮ್ಮ ಅವರನ್ನು ಗದರಿದರು. ಅತ್ತಿಗೆಯ ತೋಳು ಹಿಂದಕ್ಕೆ ಹೋಯಿತು. ಮುಂದಕ್ಕೆ ಬಂತು.

“ಹಿಡ್ಕೊಂಡೆ” ಎಂದ ಅಣ್ಣ, ಗಾಳಿಯ ಮೇಲೆ ಕೇಳುವಷ್ಟು ಗಟ್ಟಿಯಾಗಿ.

ಬೆರಳು ಬಿಚ್ಚಿಕೊಂಡವು. ಡಿಸ್ಕ್ ಮೂತಿ ತಗ್ಗಿಸಿಕೊಂಡು, ಒಂದಿಷ್ಟೂ ಅಲುಗದೆ, ಗಾಳಿಯನ್ನು ಸೀಳಿಕೊಂಡು ಹೋಯಿತು. ಸರಪಳಿ ಝಲ್ಲೆಂದಿತು. ಡಿಸ್ಕ್ ಬುಟ್ಟಿಯೊಳಗೆ ಬಿದ್ದು ಅಲ್ಲೇ ಕೂತಿತು.

ಆಮೇಲೆ ಯಾರು ಏನು ಕೂಗಿದರೋ ಗೊತ್ತಿಲ್ಲ. ನನ್ನ ಕೈಯ ನೀರಿನ ಬಾಟಲಿ ಎಲ್ಲಿ ಬಿತ್ತೋ ಅದೂ ಗೊತ್ತಿಲ್ಲ. ಅತ್ತಿಗೆ ಮಾತ್ರ ಬಿಚ್ಚಿದ ಕೈಯನ್ನು ಹಾಗೇ ಮುಂದೆ ಚಾಚಿಕೊಂಡು ನಿಂತಿದ್ದರು.

“ಸುಳ್ಳು ಹೇಳಿದ್ರಿ” ಎಂದರು ಕೊನೆಗೆ ಅಣ್ಣನಿಗೆ. “ನೀವೆಲ್ಲಿ ಹಿಡ್ಕೊಂಡ್ರಿ? ಹಿಡ್ಕೊಂಡಿದ್ದು ಬುಟ್ಟಿ.”

“ಬುಟ್ಟಿಗೆ ಮಾತು ಬರಲ್ವಲ್ಲ, ಅದರ ಪರವಾಗಿ ಹೇಳ್ದೆ” ಎಂದ ಅಣ್ಣ.

ಅತ್ತಿಗೆ ಅಲ್ಲಿಂದಲೇ ಅಂಗಡಿಗೆ ಓಡಿದರು, ತಲೆತುಂಬ ಧೂಳು, ಚಪ್ಪಲಿಗೆ ಹುಲ್ಲು. ಬಟ್ಟೆ ಅಂಗಡಿಗೆ ಕಳಿಸಬೇಕಾದ ದೊಡ್ಡ ಕನ್ನಡಿಯೊಂದು ಕಾಯುತ್ತಿತ್ತಂತೆ. ಇವರು ಒಂದು ತುದಿ ಎತ್ತಿದರು, ಯಜಮಾನರು ಇನ್ನೊಂದು ತುದಿಗೆ ಕೈ ಕೊಟ್ಟು ಎಂದಿನಂತೆ “ಹಿಡ್ಕೊಂಡೆ” ಅಂದರು. ಅಷ್ಟಕ್ಕೇ ಅತ್ತಿಗೆಗೆ ತಡೆಯಲಾರದ ನಗು ಬಂದು, ಕನ್ನಡಿಯೆಲ್ಲ ಗಡಗಡ ನಡುಗತೊಡಗಿತಂತೆ.

“ಮೊದಲು ಬಿಡಮ್ಮ” ಎಂದರಂತೆ ಯಜಮಾನರು, “ಆಮೇಲೆ ನಗು.”